ಹಾಡಿಯವರನ್ನು ಕೇಳಿದೆಯಾ?

ಮೈಸೂರು, ಕುವೆಂಪುನಗರ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಎಚ್.ಡಿ. ಕೋಟೆ ಹತ್ತಿರ ಹೋಂಸ್ಟೇ ಶುರು ಮಾಡುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ನೀನು ಕಳಿಸಿದ ಕರಪತ್ರವನ್ನೂ ಓದಿದೆ. ಸಫಾರಿ, ಊಟ ಎಲ್ಲ ಸರಿ. 'ಸಂಜೆ 7ಕ್ಕೆ ಜೇನು ಕುರುಬರ ಹಾಡಿ ಭೇಟಿ, ಕುಣಿತ' ಅಂತ ಇದೆಯಲ್ಲ, ಆ ಸಾಲು ತೆಗೆದುಬಿಡು. ಹಾಡಿಯವರನ್ನು, ಅಂದರೆ ಆ ಆದಿವಾಸಿ ಕೇರಿಯ ಜನರನ್ನು, ಒಂದು ಮಾತು ಕೇಳಿದ್ದೀಯಾ?

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆ ಕಾಡಿನಿಂದ ಎಷ್ಟೋ ಕುಟುಂಬಗಳನ್ನು ಎಬ್ಬಿಸಿದರು. ಆಮೇಲೆ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಮಾಡಲು ಹೊರಟರು! ಆದಿವಾಸಿಗಳೇ ಹೋರಾಟಕ್ಕಿಳಿದರು, 1997ರಲ್ಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. ಇಷ್ಟೆಲ್ಲ ಕಂಡವರ ಅಂಗಳಕ್ಕೆ ನೀನು ಹೇಳದೆ ಕೇಳದೆ ಜೀಪ್ ನುಗ್ಗಿಸಿದರೆ ಹೇಗೆ?

ನಾನೇ ನೋಡಿದ್ದೇನೆ. ಜೀಪ್ ನಿಂತ ತಕ್ಷಣ ಎಲ್ಲರ ಕೈಯಲ್ಲೂ ಮೊಬೈಲ್. ಒಬ್ಬಾಕೆ ಕೂಸಿಗೆ ನೀರು ಹಾಕುತ್ತಿದ್ದಳು, ಬಿದಿರು ಬೇಲಿಯ ಮೇಲಿಂದ ಅದರದ್ದೂ ಫೋಟೊ. ಮಕ್ಕಳ ಕಡೆಗೆ ಚಾಕೊಲೇಟ್ ಎಸೆತ. ನಮ್ಮ ಮನೆ ಮುಂದೆ ಹೀಗೆ ಮಾಡಿದ್ದರೆ ನಿಮ್ಮತ್ತೆ ಪೊರಕೆ ತೆಗೆದುಕೊಂಡು ಬರುತ್ತಿದ್ದಳು, ಅಲ್ವಾ?

ಮೊದಲು ಹಾಡಿಯ ಯಜಮಾನರನ್ನು ನೋಡು. ಎಲ್ಲರೂ ಕೂತು ಮಾತಾಡಲಿ, ಹೆಂಗಸರೂ ಇರಲಿ. ಬೇಡ ಅಂದರೆ ಬೇಡ, ಸುಮ್ನೆ ಬಲವಂತ ಮಾಡಬೇಡ. ಹೂಂ ಅಂದರೆ ಯಾವ ದಿನ, ಎಷ್ಟು ಜನ, ಎಲ್ಲಿಯವರೆಗೆ ಬರಬಹುದು, ಫೋಟೊ ತೆಗೆಯಬಹುದಾ, ಎಲ್ಲ ಅವರೇ ಹೇಳಲಿ. ದೇವರ ಜಾಗಕ್ಕೆ ಕರೆಯದೆ ಹೋಗಬೇಡಿ. ಅವರು ಕುಣಿಯುವುದು ಅವರ ಹಬ್ಬಕ್ಕೆ, ನಿನ್ನ ಗಿರಾಕಿಗಳ ಬಿರಿಯಾನಿ ಜೊತೆಗಲ್ಲ.

ಜೇನಿನ ವಿಷಯ ಕೇಳುವ ಅತಿಥಿ ಸಿಕ್ಕರೆ ನಿನ್ನ ಪುಣ್ಯ. ಹೆಜ್ಜೇನು ಕೀಳುವುದು ರಾತ್ರಿ ಹೊತ್ತು. ಹೊಗೆ ಹಾಕಿಕೊಂಡು, ಹಾಡು ಹೇಳಿಕೊಂಡು ಅಷ್ಟೆತ್ತರದ ಮರ ಹತ್ತುತ್ತಾರೆ. ಹತ್ತಿದವರೇ ಕೂತು ಹೇಳಿದರೆ ರಾತ್ರಿಯೆಲ್ಲ ಕೇಳಬಹುದು. ವಿಡಿಯೊಗೋಸ್ಕರ ಹತ್ತಿ ತೋರಿಸಿ ಅಂತ ಮಾತ್ರ ಯಾರೂ ಕೇಳಕೂಡದು.

ಇನ್ನು ದುಡ್ಡು. ಯಾರೋ ಒಬ್ಬ ಹುಡುಗನ ಜೇಬಿಗೆ ಐನೂರು ತುರುಕಿದರೆ ಹಾಡಿಯಲ್ಲಿ ಜಗಳ ಗ್ಯಾರಂಟಿ. ದಾರಿ ತೋರಿಸಿದವನಿಗೆ ಅವತ್ತಿನ ಕೂಲಿ ಅವತ್ತೇ ಕೊಡು. ಹಾಡಿಗೆ ಸೇರಬೇಕಾದ ಪಾಲನ್ನು ಎಲ್ಲರ ಎದುರು ಲೆಕ್ಕ ಹೇಳಿ ಕೊಡು. ಅವರ ಜೇನನ್ನು ಚೌಕಾಸಿ ಮಾಡದೆ ಕೊಂಡುಕೋ.

ಭಾನುವಾರ ಬೆಳಗ್ಗೆ ಮನೆಗೆ ಬಾ. ಅಲ್ಲಿನ ಆಶ್ರಮ ಶಾಲೆಯಲ್ಲಿ ಪಾಠ ಮಾಡಿದ ಮೇಷ್ಟ್ರೊಬ್ಬರು ನನಗೆ ಗೊತ್ತು, ಯಜಮಾನರ ಪರಿಚಯ ಅವರಿಗೆ ಚೆನ್ನಾಗಿದೆ. ತಿಂಡಿ ತಿಂದು ಮೂವರೂ ಕೋಟೆ ಬಸ್ ಹಿಡಿಯೋಣ.

ಇಂತಿ ನಿನ್ನ ಮಾವ