ಹೊಟ್ಟೆ ಸೀಳಿದ ಧ, ಮತ್ತು ನಮ್ಮ ಅಕ್ಕ

ಮೂರು ವರ್ಷ ಕೂತು ಮಾಡಿದ ಕನ್ನಡ ಫಾಂಟ್ ನಿನ್ನೆ ಹೊರಬಂತು. ದಪ್ಪ ದಪ್ಪ, ಗುಂಡು ಗುಂಡು ಅಕ್ಷರ. ಎಪ್ಪತ್ತರ ದಶಕದ ಪೋಸ್ಟರ್‌ಗಳ ಗುಂಗಿನಲ್ಲಿ ಬರೆದದ್ದು. ನಿನ್ನೆಯಿಂದ ಫೋನ್ ಸುಮ್ನೆ ಕೂತಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಒತ್ತಕ್ಷರಗಳ ಕೋಡ್ ಬರೆದುಕೊಟ್ಟ ಗೆಳೆಯ, ಅರೆಬೆಂದ ಫಾಂಟನ್ನೇ ಧೈರ್ಯವಾಗಿ ಮುಖಪುಟಕ್ಕೆ ಹಾಕಿ ತಪ್ಪು ಹುಡುಕಿಕೊಟ್ಟ ಇಬ್ಬರು ಡಿಸೈನರ್‌ಗಳು, ಎಷ್ಟು ತಡವಾದರೂ ಒಂದು ಮಾತು ಆಡದ ಜೊತೆ ಕೆಲಸದವರು, ನಿಮಗೆಲ್ಲ ಕೈ ಮುಗಿಯುತ್ತೇನೆ. ನನ್ನ ಕಣ್ಣಿನ ವಿಷಯ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಎಳೆಯುವುದಿಲ್ಲ. ಈಗ ಚೆನ್ನಾಗಿದ್ದೇನೆ.

ಉಳಿದದ್ದೆಲ್ಲ ಅಕ್ಕನಿಗೆ.

ಕಣ್ಣಿಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲಿ ಅವಳು ಬಂದು ನನ್ನ ಜೊತೆ ಇದ್ದಳು. ನನಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಅಮೆರಿಕದ ಅಕ್ಷರ ವಿನ್ಯಾಸಕ ಆಸ್ವಾಲ್ಡ್ ಕೂಪರ್ 1922ರಲ್ಲಿ ಕೂಪರ್ ಬ್ಲ್ಯಾಕ್ ಅನ್ನುವ ಉಬ್ಬಿದ ಅಕ್ಷರ ತಂದಿದ್ದು, ಅದು ಎಪ್ಪತ್ತರ ದಶಕದಲ್ಲಿ ಮತ್ತೆ ಎಲ್ಲೆಲ್ಲೂ ಕಾಣಿಸಿಕೊಂಡಿದ್ದು, ಎಲ್ಲ ಹೇಳಿದೆ. ಅಚ್ಚುಮೊಳೆಯಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಲೋಹದ ತುಂಡು ಇರುತ್ತೆ, ಒಂದನ್ನೊಂದು ತಬ್ಬುವ ಹಾಗೆ ನಿಲ್ಲಿಸುವುದು ಕಷ್ಟ. ಫೋಟೋ ಟೈಪ್‌ಸೆಟ್ಟಿಂಗ್, ಅಂದರೆ ಲೋಹದ ಬದಲು ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ವಿಧಾನ, ಬಂದಮೇಲೆ ಅಕ್ಷರಗಳು ಹೆಗಲಿಗೆ ಹೆಗಲು ತಾಗಿಸಿ ನಿಂತವು. ಆ ಕಾಲದ ಪೋಸ್ಟರ್‌ಗಳಲ್ಲಿ ಕಾಣುವ ಸಲುಗೆ ನನಗೆ ತುಂಬಾ ಇಷ್ಟ. ಮೊದಲು ನಾನು ಇಂಗ್ಲಿಷ್ ಅಕ್ಷರದ ಆ ಉಬ್ಬಿದ ಪಾದವನ್ನೇ ತಂದು ಕನ್ನಡಕ್ಕೆ ಜೋಡಿಸಿದ್ದೆ. ಯಾರದೋ ಬಟ್ಟೆ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಕನ್ನಡದ ಅಕ್ಷರಕ್ಕೆ ಪಾದ ಎಲ್ಲಿದೆ? ತಲೆಕಟ್ಟು ಇದೆ. ತೂಕ ಅಲ್ಲಿಗೆ ಹೋಗಬೇಕು ಅಂತ ತಿಳಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಅಕ್ಕ ಇದನ್ನೆಲ್ಲ ಬೇಜಾರಿಲ್ಲದೆ ಕೇಳಿದಳು.

ಆಮೇಲೆ ಆ ರಾತ್ರಿ ಬಂತು. ಇನ್ನು ಮುಂದೆ ಅಕ್ಷರದ ಅಂಚು ನನಗೆ ಕಾಣದೇ ಹೋದರೆ? ನನಗೆ ಬರುವುದು ಅದೊಂದೇ ಕೆಲಸ. ಹೆದರಿಕೆ ಹೊಟ್ಟೆಯಿಂದ ಮೇಲೆ ಬಂತು, ತಡೆಯೋಕೆ ಆಗಲಿಲ್ಲ, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ. "ಫೈಲ್ ಎಲ್ಲ ಅಳಿಸಿಬಿಡು ಅಕ್ಕ, ನನಗೆ ಬೇಡ" ಅಂದೆ. ಅವಳು ಸಮಾಧಾನದ ಮಾತು ಒಂದೂ ಆಡಲಿಲ್ಲ. ಮೇಜಿನ ಮೇಲೆ ಪ್ರಿಂಟ್ ತೆಗೆದಿಟ್ಟ ಹಾಳೆಗಳಿದ್ದವು. ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಪದ ಜೋರಾಗಿ ಓದತೊಡಗಿದಳು.

ಎರಡನೇ ಹಾಳೆಯಲ್ಲಿ "ದನ್ಯವಾದ" ಅಂದಳು.

"ಅದು ಧನ್ಯವಾದ ಅಕ್ಕ."

"ನೀನು ಬರೆದಿದ್ದೀಯ, ನಿನಗೆ ಹಂಗೇ ಕಾಣುತ್ತೆ. ಹಾಳೆ ಮೇಲೆ ದ ಇದೆ."

ಶಾಲೆಯಲ್ಲಿ ಹೊಟ್ಟೆ ಸೀಳು ಅಂತ ಕಲಿಸುತ್ತಿದ್ದರಲ್ಲ, ಆ ಪುಟ್ಟ ಗೀಟು ನನ್ನ ದಪ್ಪ ಗೆರೆಯೊಳಗೆ ಮುಳುಗಿಹೋಗಿತ್ತು. ಸ್ಕ್ರೀನಿನಲ್ಲಿ ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿ ನೋಡುತ್ತಿದ್ದ ನನಗೆ ಅದು ಯಾವತ್ತೂ ಕಂಡಿರಲಿಲ್ಲ. ಕಾಗದದಲ್ಲಿ ಶಾಯಿ ಸ್ವಲ್ಪ ಹರಡಿದರೂ ಸಾಕು, ಅಲ್ಲಿದ್ದ ಚೂರು ಬಿಳಿ ಜಾಗ ಮುಚ್ಚಿಹೋಗುತ್ತೆ. ಢ, ಥ, ಫ, ಭ ಎಲ್ಲದರದ್ದೂ ಇದೇ ಕಥೆ. "ಶುದ್ಧ", "ಯುದ್ಧ" ಇನ್ನೂ ಕಷ್ಟ, ಅಲ್ಲಿ ಧ ಒತ್ತಾಗಿ ಪುಟ್ಟದಾಗಿ ಕೆಳಗೆ ಕೂತಿರುತ್ತೆ. ಅಕ್ಕ ಬೆಳಗಿನ ಜಾವದವರೆಗೆ ಓದಿದಳು. ತಪ್ಪಿದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದಳು. ಒಂದು ಹೊತ್ತಿನಲ್ಲಿ ನನ್ನ ಅಳು ನಿಂತಿದ್ದು ನನಗೇ ಗೊತ್ತಾಗಲಿಲ್ಲ. ಅವಳು ಓದುತ್ತಿದ್ದಳು, ಸೀಳನ್ನು ಎಲ್ಲಿಗೆ ಇಳಿಸಲಿ ಅಂತ ನಾನು ಯೋಚಿಸುತ್ತಿದ್ದೆ.

ಕಣ್ಣು ಬಿಚ್ಚಿದ ಮೇಲೆ ಮೊದಲು ಮಾಡಿದ ಕೆಲಸ ಅದೇ. ಧ ಹೊಟ್ಟೆಯ ಗೆರೆಯನ್ನು ಸೀಳಿನ ಎರಡೂ ಕಡೆ ತೆಳು ಮಾಡಿ, ಗೀಟನ್ನು ಇನ್ನಷ್ಟು ಕೆಳಗೆ ಎಳೆದೆ. ಈಗ ಚಿಕ್ಕ ಅಳತೆಯಲ್ಲೂ ಅದು ದ ಅಲ್ಲ, ಧ. ಈ ಫಾಂಟಿನಲ್ಲಿ ನನಗೆ ಅತಿ ಇಷ್ಟದ ಅಕ್ಷರ ಈಗ ಇದೇ.

ಬಳಸುವವರಿಗೆ ಎರಡು ಮಾತು. ಇದು ಪೋಸ್ಟರ್, ಮುಖಪುಟ, ತಲೆಬರಹ, ಲೇಬಲ್‌ಗೆ ಮಾಡಿದ್ದು. ಎರಡು ಮೂರು ಪದಕ್ಕೆ ಚೆಂದ, ಇಡೀ ಪ್ಯಾರಾ ಹಾಕಿದರೆ ಓದುವವರಿಗೆ ಸುಸ್ತು. ಎರಡು ಸಾಲು ಬಂದರೆ ನಡುವೆ ಜಾಗ ಜಾಸ್ತಿ ಬಿಡಿ. ಇಲ್ಲದಿದ್ದರೆ "ರಾಷ್ಟ್ರ", "ಲಕ್ಷ್ಮಿ" ಥರದ ಪದಗಳ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದೇನೆ. ಯಾರು ಬೇಕಾದರೂ ಬಳಸಿ, ತಿದ್ದಿ. ಫಾಂಟನ್ನಷ್ಟೇ ಒಂಟಿಯಾಗಿ ಮಾರುವ ಹಾಗಿಲ್ಲ.

ಇವತ್ತು ಸಂಜೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಕೈಯಲ್ಲಿ ಸುರುಳಿ ಸುತ್ತಿದ ಒಂದು ಪೋಸ್ಟರ್ ಇದೆ. ಅದರಲ್ಲಿ ಒಂದೇ ಪದ. ಓದು ಅಂತ ಅವಳ ಕೈಗೆ ಕೊಡುತ್ತೇನೆ.