ಫ್ರಿಜ್‌ನಲ್ಲಿಟ್ಟ ಸ್ಯಾಂಪಲ್ ನೋಡಿ 'ಅಮೀಬಾ ಇಲ್ಲ' ಅಂತ ರಿಪೋರ್ಟ್ ಕೊಟ್ಟ ಬಗ್ಗೆ ದೂರು

ಲ್ಯಾಬ್ ಮ್ಯಾನೇಜರ್ ಅವರಿಗೆ, ನಮಸ್ಕಾರ.

ನನ್ನ ಅಕ್ಕನ ಮಗನ ಸಿಎಸ್ಎಫ್ (ಮೆದುಳು-ಬೆನ್ನುಹುರಿ ಸುತ್ತಲಿನ ನೀರು) ರಿಪೋರ್ಟ್ ಬಗ್ಗೆ ಈ ದೂರು. ಹುಡುಗ ಈಗ ಹುಷಾರಾಗಿದ್ದಾನೆ, ಆದರೆ ಅದರಲ್ಲಿ ನಿಮ್ಮ ಪಾಲು ಏನೂ ಇಲ್ಲ.

ರಜೆಯಲ್ಲಿ ಬಂಟ್ವಾಳದ ಅಜ್ಜಿ ಮನೆಗೆ ಹೋಗಿ ಕೆರೆಯಲ್ಲಿ ಈಜಿ ಬಂದವನಿಗೆ ಕೆಲವೇ ದಿನದಲ್ಲಿ ಜ್ವರ, ತಲೆನೋವು, ವಾಂತಿ ಶುರುವಾಯಿತು, ಕುತ್ತಿಗೆ ಬಗ್ಗಿಸಲಿಕ್ಕೇ ಆಗುತ್ತಿರಲಿಲ್ಲ. ಕೆರೆ ವಿಷಯ ಕೇಳಿದ ಕೂಡಲೇ ಡಾಕ್ಟ್ರು ಬೆನ್ನಿಂದ ನೀರು ತೆಗೆದು, ಚೀಟಿಯಲ್ಲಿ 'ವೆಟ್ ಮೌಂಟ್, ಅರ್ಜೆಂಟ್' ಅಂತ ಬರೆದರು, ಅಂದರೆ ಒಂದು ಹನಿಯನ್ನು ಹಸಿಯಾಗಿಯೇ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮಂಗಳೂರಿನ ನಿಮ್ಮ ಕೌಂಟರಿಗೆ ರಾತ್ರಿ ನಾನೇ ತಂದುಕೊಟ್ಟೆ. ನೋಡುವವರು ಯಾರೂ ಇಲ್ಲ ಅಂತ ಅದನ್ನು ಫ್ರಿಜ್‌ಗೆ ಹಾಕಿದ್ದಾರೆ, ಬೆಳಿಗ್ಗೆ 'ಅಮೀಬಾ ಕಂಡುಬಂದಿಲ್ಲ' ಅಂತ ಪ್ರಿಂಟ್ ಕೊಟ್ಟಿದ್ದಾರೆ. ಫ್ರಿಜ್ ಸುದ್ದಿ ಅದರಲ್ಲಿ ಎಲ್ಲೂ ಇಲ್ಲ. ಡಾಕ್ಟ್ರು ಫೋನ್ ಮಾಡಿ ಕೇಳಿದ ಮೇಲೆ ಹೊರಗೆ ಬಂತು.

ನೆಗ್ಲೇರಿಯಾ ಫೌಲೆರಿ, ಅಂದರೆ ಕೆರೆ ನೀರಿನಿಂದ ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾ, ವೆಟ್ ಮೌಂಟ್‌ನಲ್ಲಿ ಗೊತ್ತಾಗುವುದೇ ಅದು ಹರಿದಾಡುವುದರಿಂದ. ತಣ್ಣಗಾದರೆ ಅಲುಗಾಡುವುದಿಲ್ಲ, ಅಲುಗಾಡದಿದ್ದರೆ ಬಿಳಿ ರಕ್ತಕಣದ ನಡುವೆ ಗುರುತು ಸಿಗುವುದು ಕಷ್ಟ. ಸ್ಯಾಂಪಲ್ ಹೊರಗೇ ಇಟ್ಟು ಕೂಡಲೇ ನೋಡಬೇಕು, ಇದನ್ನೂ ನಾನು ಹೇಳಬೇಕಾ ಮಾರಾಯ್ರೆ? ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾ ನೋಡಲಿಕ್ಕೆ ಬಣ್ಣ ಹಾಕುವ ಪರೀಕ್ಷೆ) ಮಾಡಿದ್ದೇವಲ್ಲ ಅಂತ ನಿಮ್ಮವರು ಅಂದರು. ಆ ಸ್ಲೈಡ್ ಬಿಸಿ ಮಾಡುವಾಗಲೇ ಅಮೀಬಾ ಹಾಳಾಗುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ, ಗ್ಲೂಕೋಸ್ ಕಡಿಮೆ, ಎಲ್ಲ ಬ್ಯಾಕ್ಟೀರಿಯಾ ಸೋಂಕಿನ ಹಾಗೇ, ಆದರೆ ಬ್ಯಾಕ್ಟೀರಿಯಾ ಮಾತ್ರ ಇಲ್ಲ. ನಿಮ್ಮದೇ ರಿಪೋರ್ಟ್ ಇದು, ಸಂಶಯ ಬರಬೇಕಿತ್ತು ಅಲ್ವಾ?

ಎಲ್ಲೋ ದೂರದ ರೋಗ ಅಂತ ಹೇಳಲಿಕ್ಕೂ ಆಗುವುದಿಲ್ಲ. ಮಂಗಳೂರಿನ ಮೊದಲ ಕೇಸ್ 2002ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. 2024ರಲ್ಲಿ ಪಕ್ಕದ ಕೇರಳದ ಕೋಝಿಕ್ಕೋಡ್‌ನಲ್ಲಿ 14 ವರ್ಷದ ಹುಡುಗ ಉಳಿದುಕೊಂಡದ್ದು ಬೇಗ ಪತ್ತೆಯಾಗಿ ಬೇಗ ಔಷಧಿ ಸಿಕ್ಕಿದ್ದರಿಂದ. ಈ ರೋಗ ಬಂದವರಲ್ಲಿ ಉಳಿಯುವವರು ತೀರಾ ಕಡಿಮೆ, ಒಂದು ರಾತ್ರಿ ಅಂದರೆ ಸಣ್ಣ ವಿಷಯ ಅಲ್ಲ.

ನಿಮ್ಮ ರಿಪೋರ್ಟ್ ನಂಬಲಿಕ್ಕಾಗದೆ ಡಾಕ್ಟ್ರು ಅಮೀಬಾಕ್ಕೆ ಕೊಡುವ ಆಂಫೋಟೆರಿಸಿನ್ ಶುರು ಮಾಡಿದರು. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧಿ, ಹುಡುಗನ ಕ್ರಿಯಾಟಿನಿನ್ ಏರಿತು. ಇನ್ನೊಮ್ಮೆ ಬೆನ್ನಿಗೆ ಸೂಜಿ ಚುಚ್ಚಿ, ಬೇರೆ ಕಡೆ ಪಿಸಿಆರ್ ಮಾಡಿಸಿದ ಮೇಲಷ್ಟೇ ಅಮೀಬಾ ಅಲ್ಲ ಅಂತ ಆಯಿತು, ಔಷಧಿ ನಿಲ್ಲಿಸಿದರು. ಕೊನೆಗೆ ನಿಮ್ಮ ಉತ್ತರವೂ ಅದೇ ಆಗಿತ್ತು ಅಂತ ದಯವಿಟ್ಟು ವಾದ ಮಾಡಬೇಡಿ.

ಆ ರಿಪೋರ್ಟ್ ವಾಪಸ್ ತೆಗೆದುಕೊಂಡು, ಸ್ಯಾಂಪಲ್ ಬಂದ ಹೊತ್ತು, ನೋಡಿದ ಹೊತ್ತು, ಫ್ರಿಜ್‌ನಲ್ಲಿ ಇಟ್ಟದ್ದು ಎಲ್ಲ ಬರೆದು ಹೊಸದು ಕೊಡಿ. ವೆಟ್ ಮೌಂಟ್ ದುಡ್ಡು ವಾಪಸ್ ಮಾಡಿ. ರಾತ್ರಿ ನೋಡುವ ಜನ ಇಲ್ಲದಿದ್ದರೆ ಕೌಂಟರಿನಲ್ಲೇ ಹೇಳಿ, ನಾವು ಬೇರೆ ಕಡೆ ಓಡುತ್ತೇವೆ. ಇದರ ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಹೋಗಿದೆ, ನಿಮ್ಮ ಉತ್ತರ ಬರಹದಲ್ಲೇ ಬರಲಿ.

ಇಂತಿ,
ಹುಡುಗನ ಸೋದರಮಾವ