ನೀಹಾರಿಕೆ ಚಿತ್ರದ ಕೆಳಗೆ ಒಂದು ಸಾಲು ಸೇರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಆಗಾಗ ನೀಹಾರಿಕೆಗಳ, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡಗಳ, ಬಣ್ಣದ ಚಿತ್ರ ಬರುತ್ತದೆ. ಕೆಳಗೆ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊನ್ನೆ ಅಂಥದ್ದೊಂದನ್ನು ನೋಡಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಮೇಡಂ, ಇದೆಲ್ಲ ಎಐ ಮಾಡಿದ್ದು ಅಲ್ವಾ?" ಅಂದ. ಬೇಸರವಾಯಿತು. ಅಂಥ ಚಿತ್ರವನ್ನು ನಾನೇ ತೆಗೆದಿದ್ದೇನೆ, ತಿಪಟೂರಿನ ಮನೆಯಲ್ಲಿ ಕೂತು.

ಕಳೆದ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿರುವ ಟೆಲಿಸ್ಕೋಪೊಂದನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಹಿಡಿದೆ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ನಮ್ಮ ವಿಜ್ಞಾನಿಗಳು ಹೊಸಕೋಟೆಯಿಂದ ನಡೆಸುತ್ತಾರಲ್ಲ, ಹಾಗೇ. ನನಗೆ ಬೇಕಿದ್ದದ್ದು ಟರಾಂಟುಲಾ ನೀಹಾರಿಕೆ. ಸುಮಾರು 1,60,000 ಜ್ಯೋತಿರ್ವರ್ಷ ದೂರ. ನಮ್ಮೂರಲ್ಲಿ ಅದು ದಕ್ಷಿಣ ದಿಗಂತದಿಂದ 8 ಡಿಗ್ರಿಯೂ ಮೇಲೇರುವುದಿಲ್ಲ, ತೆಂಗಿನ ತೋಟದ ಹಿಂದೆಯೇ ಮುಳುಗುತ್ತದೆ. ಇಲ್ಲಿ ಸಂಜೆ ಏಳಾದರೆ ಅಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಮೊದಲ ದಿನ ಬರೀ ಮೋಡ. ಮರುದಿನ ತಲಾ 5 ನಿಮಿಷದ 36 ಫ್ರೇಮ್ ಸಿಕ್ಕವು.

ಕ್ಯಾಮೆರಾ ಕಪ್ಪು-ಬಿಳುಪಿನದು. ಹೈಡ್ರೋಜನ್, ಆಮ್ಲಜನಕ, ಗಂಧಕ, ಒಂದೊಂದರ ಬೆಳಕನ್ನಷ್ಟೇ ಬಿಡುವ ಮೂರು ಫಿಲ್ಟರ್. ಒಂದೇ ಫ್ರೇಮ್ ನೋಡಿದರೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಒಂದು ಫಿಲ್ಟರಿನ 12 ಫ್ರೇಮ್‌ಗಳನ್ನು ಜೋಡಿಸಿ ಸರಾಸರಿ ತೆಗೆದಾಗ ಕಾಳು ಮೂರು ಪಟ್ಟಿಗಿಂತ ಜಾಸ್ತಿ ಇಳಿದು ನೀಹಾರಿಕೆಯ ಎಳೆಗಳು ಎದ್ದು ಬಂದವು. ಸಿರಿಲ್ ಎಂಬ ಉಚಿತ ಸಾಫ್ಟ್‌ವೇರ್ ಸಾಕಾಯಿತು. ಸೆನ್ಸರಿನ ಬಿಸಿ ಚುಕ್ಕೆ ಕಳೆಯಲು ಬೆಳಕು ಬೀಳದಂತೆ ಮುಚ್ಚಿ ತೆಗೆದ ಡಾರ್ಕ್ ಫ್ರೇಮ್, ಧೂಳಿನ ಕಲೆ ಕಳೆಯಲು ಸಮನಾದ ಬೆಳಕಿನಲ್ಲಿ ತೆಗೆದ ಫ್ಲಾಟ್ ಫ್ರೇಮ್. ಇದಕ್ಕೇ ಎರಡು ವಾರ ಹಿಡಿಯಿತು. ಇಲ್ಲದ ಒಂದು ನಕ್ಷತ್ರವನ್ನೂ ನಾನು ಸೇರಿಸಿಲ್ಲ.

ಬಣ್ಣದ ಮಾತು ಬೇರೆ. ಹೈಡ್ರೋಜನ್‌ನ 656 ನ್ಯಾನೋಮೀಟರ್ ತರಂಗಾಂತರದ ಬೆಳಕು ನಿಜವಾಗಿ ಕೆಂಪು. ಗಂಧಕದ್ದೂ ಕೆಂಪೇ. ಹಾಗೇ ಬಿಟ್ಟರೆ ಯಾವುದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟೆ. ಹಬಲ್‌ನ (ಬಾಹ್ಯಾಕಾಶ ಟೆಲಿಸ್ಕೋಪ್) ಎಷ್ಟೋ ಚಿತ್ರಗಳಲ್ಲೂ ಇದೇ ಕ್ರಮ. ನಕ್ಷೆಯಲ್ಲಿ ಜಿಲ್ಲೆಗೊಂದು ಬಣ್ಣ ಹಚ್ಚುತ್ತೇವಲ್ಲ, ಹಾಗೆ. ಆದರೆ ನಕ್ಷೆಯ ಮೂಲೆಯಲ್ಲಿ ಯಾವ ಬಣ್ಣ ಯಾವುದಕ್ಕೆ ಅಂತ ಬರೆದಿರುತ್ತಾರೆ. ಪತ್ರಿಕೆಯ ಚಿತ್ರದಲ್ಲಿ ಅದು ಇಲ್ಲ.

ದಯವಿಟ್ಟು ಇನ್ನು ಮುಂದೆ ಒಂದು ಸಾಲು ಸೇರಿಸಿ: ಯಾವ ಟೆಲಿಸ್ಕೋಪ್, ಎಷ್ಟು ಗಂಟೆಯ ಬೆಳಕು, ಯಾವುದಕ್ಕೆ ಯಾವ ಬಣ್ಣ. ಎಐ ಚಿತ್ರವಾದರೆ ಅದನ್ನೂ ಬರೆಯಿರಿ. ನಿಮ್ಮ ಆ ಪುಟವನ್ನು ಮಕ್ಕಳು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸುತ್ತಾರೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು